ಜಲ್ಲಿ, ಸಿಮೆಂಟು ಮತ್ತು ರಾಮ್‌ಕಿಂಕರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಬಂಗಾಳದ ರಾಮ್‌ಕಿಂಕರ್ ಬೈಜ್ ಮಾಡಿದ 'ಸಂತಾಲ್ ಕುಟುಂಬ' (ಸಂತಾಲರು ಅಂದರೆ ಆ ಕಡೆಯ ಒಂದು ಬುಡಕಟ್ಟು) ಎಂಬ ಶಿಲ್ಪದ ಫೋಟೋ ಹಾಕಿ, ಕೆಳಗೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆಯಿಂದ ಪತ್ರದ ಮೇಲೆ ಪತ್ರ. ಮೆಚ್ಚಿದವರು ಕಡಿಮೆ, ತರಾಟೆಗೆ ತೆಗೆದುಕೊಂಡವರು ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಜಾಗ ಅವರಿಗೇ. ಕಾಫಿ ರೇಟು, ಕಾಳುಮೆಣಸಿನ ರೋಗ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ.

ಪ್ರ: ನಾನು ಹುಟ್ಟಿ ಬೆಳೆದದ್ದೇ ಬೇಲೂರು ದೇವಸ್ಥಾನದ ಹತ್ತಿರ. ಮದನಿಕೆಯರನ್ನು ನೋಡಿದ ಕಣ್ಣಿಗೆ ನೀವು ಹಾಕಿದ ಫೋಟೋ ಅರ್ಧಕ್ಕೆ ಬಿಟ್ಟ ಗಾರೆ ಕೆಲಸದ ಹಾಗೆ ಕಂಡಿತು. ಮುಖದಲ್ಲಿ ನುಣುಪಿಲ್ಲ, ಮೈ ಮೇಲೆ ಒಂದು ಒಡವೆ ಇಲ್ಲ. ಇದರಲ್ಲಿ ಅಂಥಾ ದೊಡ್ಡದೇನಿದೆ? (ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಬೇಲೂರು)

ಉ: ಮೇಷ್ಟ್ರೇ, ನೀವು ಬೈದದ್ದೇ ಸರಿಯಾಗಿದೆ. ಅದು ಗಾರೆ ಕೆಲಸವೇ. ಅರ್ಧಕ್ಕೆ ಬಿಟ್ಟದ್ದು ಮಾತ್ರ ಅಲ್ಲ.

ಮೊದಲು ಕಲ್ಲಿನ ವಿಷಯ. ಬೇಲೂರು, ಹಳೇಬೀಡಿನದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ನಮ್ಮ ಶಿಲ್ಪಿಗಳಿಗೆ ಹಳೇಬೀಡಿನ ದ್ವಾರಪಾಲಕರ ಒಡವೆಯನ್ನು ಅಕ್ಕಸಾಲಿಗರ ಹಾಗೆ ಕೊರೆಯಲು ಆಯಿತು, ಸರದ ಹಿಂದೆ ಬೆಳಕು ಹಾಯುವಷ್ಟು ತೂತು ಮಾಡಲು ಆಯಿತು. ಅಂಥಾ ಕಲ್ಲು, ಬೆನ್ನ ಹಿಂದೆ ಹೊಯ್ಸಳ ಅರಸರ ಖಜಾನೆ, ತಲೆತಲಾಂತರದ ಕುಶಲತೆ, ಮೂರೂ ಒಂದೇ ಕಡೆ ಕೂಡಿಬಂದಿದ್ದವು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರೆಲ್ಲ ಮೂರ್ತಿಯ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ, ನಿಮಗೆ ನಾನು ಹೇಳಬೇಕಾ?

ರಾಮ್‌ಕಿಂಕರ್ ಕೆಲಸ ಮಾಡಿದ್ದು ಬಂಗಾಳದ ಶಾಂತಿನಿಕೇತನದಲ್ಲಿ, ರವೀಂದ್ರನಾಥ ಠಾಕೂರರ ವಿದ್ಯಾಸಂಸ್ಥೆ ಇರುವ ಊರಲ್ಲಿ. ಅಲ್ಲಿ ಇದು ಯಾವುದೂ ಇರಲಿಲ್ಲ. ಅಲ್ಲಿಯದು ಕೆಂಪು ಮಣ್ಣು, ನಮ್ಮ ಮಲೆನಾಡಿನ ಜಂಬಿಟ್ಟಿಗೆಯ ಜಾತಿಯದು. ಕಂಚು ಎರಕ ಹೊಯ್ಯಲು, ಅಮೃತಶಿಲೆ ತರಿಸಲು ರಾಮ್‌ಕಿಂಕರ್ ಹತ್ತಿರ ದುಡ್ಡಿರಲಿಲ್ಲ. ಕಾಲ ಬುಡದಲ್ಲಿ ಸಿಗುವ ಕೆಂಪು ಜಲ್ಲಿ, ಮರಳು, ಸಿಮೆಂಟು, ಇಷ್ಟೇ ಇದ್ದದ್ದು. ಕಬ್ಬಿಣದ ಕಂಬಿ ಬಗ್ಗಿಸಿ ಅಸ್ಥಿಪಂಜರ ಕಟ್ಟುವುದು, ಅದರ ಮೇಲೆ ಜಲ್ಲಿ ಕಲಸಿದ ಗಾರೆಯನ್ನು ಕೈಯಲ್ಲೇ ಎಸೆದು ಮೆತ್ತುವುದು, ಸ್ವಲ್ಪ ಬಿಗಿದ ಮೇಲೆ ಬೇಡದ್ದನ್ನು ಕೆರೆದು, ಚಕ್ಕೆ ಎಬ್ಬಿಸಿ ತೆಗೆಯುವುದು. ಕಲ್ಲು ಕಾಯುತ್ತದೆ, ಇವತ್ತಲ್ಲದಿದ್ದರೆ ನಾಳೆ ಕೆತ್ತಬಹುದು. ಸಿಮೆಂಟು ಕಾಯುವುದಿಲ್ಲ. ಕಲಸಿದ ಮೇಲೆ ಮುಗಿಸಲೇಬೇಕು. ಆ ಅವಸರ ಶಿಲ್ಪದ ಮೈ ಮೇಲೆ ಹಾಗೇ ಉಳಿದಿದೆ. ಅದನ್ನು ತಿಕ್ಕಿ ನುಣುಪು ಮಾಡಿದ್ದರೆ ನಿಮಗೆ ಹಿಡಿಸುತ್ತಿತ್ತೇನೋ, ನನಗಂತೂ ಹಿಡಿಸುತ್ತಿರಲಿಲ್ಲ.

ಈಗ ಏನು ಮಾಡಿದ್ದಾರೆ ಅಂತ ಒಂದ್ಸಲ ಸರಿಯಾಗಿ ನೋಡಿ. ಗಂಡಸಿನ ಹೆಗಲ ಮೇಲೆ ಕಾವಡಿ, ಕಾವಡಿಯ ಬುಟ್ಟಿಯಲ್ಲಿ ಮಗು. ಪಕ್ಕದಲ್ಲಿ ಹೆಂಡತಿ, ಅವಳಿಗೆ ಹೆಜ್ಜೆ ಕೊಡುತ್ತಾ ಮನೆಯ ನಾಯಿ. ಸಂಸಾರ ಪೂರ್ತಿ ಅಷ್ಟೇ, ಸಾಮಾನೂ ಅಷ್ಟೇ. ಒಂದೂರಿನ ಕೆಲಸ ಮುಗಿಯಿತು, ಇನ್ನೊಂದೂರಿಗೆ ಹೊರಟಿದ್ದಾರೆ. ಅಳು ಇಲ್ಲ, ಗೋಳಾಟ ಇಲ್ಲ, ನಡಿಗೆ ಮಾತ್ರ. ಪೀಠವನ್ನೂ ಬೇಕೆಂದೇ ತಗ್ಗಾಗಿ ಮಾಡಿದ್ದಾರೆ, ಹಾಗಾಗಿ ತಲೆ ಎತ್ತಿ ನೋಡಬೇಕಾಗಿಲ್ಲ, ಅವರು ನಮ್ಮ ಪಕ್ಕದಲ್ಲೇ ಹಾದು ಹೋಗುತ್ತಿದ್ದಾರೆ ಅನ್ನಿಸುತ್ತದೆ. ಇದು 1938ರ ಕೆಲಸ. ಆಗ ನಮ್ಮ ದೇಶದಲ್ಲಿ ಬಯಲಿನಲ್ಲಿ ದೊಡ್ಡ ಪ್ರತಿಮೆ ಅಂದರೆ ಮಹಾರಾಜರು, ವೈಸರಾಯ್‌ಗಳು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ವಿಕ್ಟೋರಿಯಾ ರಾಣಿ 1906ರಿಂದ ನಿಂತಿದ್ದಾಳಲ್ಲ, ಅಂಥವು. ಆ ಎತ್ತರವನ್ನು ಒಂದು ಕೂಲಿ ಸಂಸಾರಕ್ಕೆ ಕೊಟ್ಟದ್ದು ರಾಮ್‌ಕಿಂಕರ್. ಭಾರತದ ಮೊದಲ ಆಧುನಿಕ ಬಯಲು ಶಿಲ್ಪ ಅಂತ ಇದನ್ನು ಕರೆಯುವುದು ಈ ಕಾರಣಕ್ಕೆ.

ಇನ್ನೊಂದು ಮಾತು. ಸಕಲೇಶಪುರ, ಮೂಡಿಗೆರೆ ತೋಟಗಳ ಲೈನ್ ಮನೆಗಳಿಗೆ ಈಗ ಅಸ್ಸಾಂ, ಬಂಗಾಳ, ಜಾರ್ಖಂಡ್ ಕಡೆಯ ಸಂಸಾರಗಳು ಕೂಲಿಗೆ ಬರುತ್ತಿವೆ. ಹಾಸನದ ಸ್ಟೇಷನ್ನಿನಲ್ಲಿ ಇಳಿಯುವಾಗ ನೋಡಿದ್ದೀರಾ? ಕಾವಡಿ ಹೋಗಿ ಪ್ಲಾಸ್ಟಿಕ್ ಚೀಲ ಬಂದಿದೆ, ನಾಯಿ ಊರಲ್ಲೇ ಉಳಿದಿದೆ. ಉಳಿದಂತೆ ಅದೇ ನಡಿಗೆ.

ಅಂದ ಹಾಗೆ, ಶಾಂತಿನಿಕೇತನವೂ ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 2023ರ ಸೆಪ್ಟೆಂಬರ್‌ನಲ್ಲಿ, ರಿಯಾದ್‌ನಲ್ಲಿ ನಡೆದ ಒಂದೇ ಸಭೆಯಲ್ಲಿ. ಪಟ್ಟಿ ಮಾಡುವವರಿಗೆ ಎರಡೂ ಬೇಕಾಯಿತು. ನೀವು ಯಾಕೆ ಒಂದನ್ನು ಬಿಡಬೇಕು?

ಪ್ರ: ರಾಮ್‌ಕಿಂಕರ್ ಅವರೂ ಸಂತಾಲ್ ಬುಡಕಟ್ಟಿನವರೇ ಅಲ್ವಾ? (ಮೂಡಿಗೆರೆ)

ಉ: ಅಲ್ಲ. ಸಂತಾಲರನ್ನು ಅಷ್ಟು ಮಾಡಿದ್ದರಿಂದ ಜನ ಹಾಗೆ ಅಂದುಕೊಳ್ಳುತ್ತಾರೆ. ಹುಟ್ಟಿದ್ದು 1906ರ ಮೇ 25, ಬಂಗಾಳದ ಬಾಂಕುರಾದಲ್ಲಿ, ಕ್ಷೌರಿಕರ ಮನೆಯಲ್ಲಿ. ಬಡತನ ಸಾಕಷ್ಟಿತ್ತು. ಹುಡುಗನಿದ್ದಾಗ ಅಕ್ಕಪಕ್ಕದಲ್ಲಿ ದೇವರ ಮೂರ್ತಿ ಮಾಡುವವರ ಹತ್ತಿರ ಕೂತು ಜೇಡಿಮಣ್ಣು ಕಲಿತರು, ನಾಟಕದ ಪರದೆ ಬರೆದರು, ಅಸಹಕಾರ ಚಳವಳಿಯ ಕಾಲದಲ್ಲಿ ಹೋರಾಟಗಾರರ ಚಿತ್ರ ಬರೆದರು. ಆ ಚಿತ್ರಗಳ ಮೇಲೆ ಕಣ್ಣು ಬಿದ್ದದ್ದು ಪತ್ರಿಕಾ ಸಂಪಾದಕ ರಾಮಾನಂದ ಚಟರ್ಜಿಯವರದು. ಹುಡುಗನನ್ನು ಅವರು 1925ರಲ್ಲಿ ಶಾಂತಿನಿಕೇತನದ ಕಲಾಶಾಲೆ ಕಲಾಭವನಕ್ಕೆ ಸೇರಿಸಿದರು. ಸಂಪಾದಕರಿಂದಲೂ ಲೋಕಕ್ಕೆ ಒಮ್ಮೊಮ್ಮೆ ಉಪಕಾರ ಆಗುತ್ತದೆ ಅಂತ ನಮ್ಮ ಸಂಪಾದಕರು ಇಲ್ಲಿ ಸೇರಿಸಲು ಹೇಳಿದ್ದಾರೆ.

ಹೋದವರು ಹಿಂದಿರುಗಲಿಲ್ಲ. ಅಲ್ಲೇ ಕಲಿತು, ಅಲ್ಲೇ ಮೇಷ್ಟ್ರಾಗಿ, ಜೀವನವನ್ನೆಲ್ಲ ಅಲ್ಲೇ ಕಳೆದರು. 1980ರ ಆಗಸ್ಟ್ 2ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು.

ಪ್ರ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ದೆಹಲಿಯ ರಿಸರ್ವ್ ಬ್ಯಾಂಕಿನ ಬಾಗಿಲಲ್ಲಿ ಇರುವ ಎರಡು ದೊಡ್ಡ ಮೂರ್ತಿಗಳು ಇವರದೇ ಅಂತ ಕೇಳಿದೆ. ಬ್ಯಾಂಕಿಗೂ ಯಕ್ಷರಿಗೂ ಏನು ಸಂಬಂಧ? (ಹಾಸನ)

ಉ: ಪರೀಕ್ಷೆಯಲ್ಲಿ ಇದು ಬರುತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಕತೆ ಚೆನ್ನಾಗಿದೆ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರದ ದೊಡ್ಡ ಕಟ್ಟಡಗಳಲ್ಲಿ ನಮ್ಮ ಕಲಾವಿದರ ಕೆಲಸ ಇರಬೇಕು ಎಂಬುದು ನೆಹರೂ ಅವರ ಆಸೆ. ಆಗ ದೆಹಲಿಯಲ್ಲಿ ರಿಸರ್ವ್ ಬ್ಯಾಂಕಿನ ಹೊಸ ಕಟ್ಟಡ ಏಳುತ್ತಿತ್ತು. ಯಕ್ಷ ಅಂದರೆ ಸಂಪತ್ತು ಕಾಯುವವನು, ಕುಬೇರ ಅವರ ರಾಜ. ದೇಶದ ಖಜಾನೆಯ ಬಾಗಿಲಿಗೆ ಇದಕ್ಕಿಂತ ಒಪ್ಪುವ ಕಾವಲುಗಾರ ಎಲ್ಲಿ ಸಿಗಬೇಕು ಹೇಳಿ. ರಾಮ್‌ಕಿಂಕರ್ ಎರಡು ಸಾವಿರ ವರ್ಷಕ್ಕೂ ಹಳೆಯ ಎರಡು ಮೂರ್ತಿಗಳನ್ನು ಮಾದರಿಗೆ ಇಟ್ಟುಕೊಂಡರು. ಗಂಡಿಗೆ ಮಥುರಾ ಮ್ಯೂಸಿಯಮ್ಮಿನ ಪಾರಖಮ್ ಯಕ್ಷ, ಹೆಣ್ಣಿಗೆ ಕಲ್ಕತ್ತೆಯ ಮ್ಯೂಸಿಯಮ್ಮಿನ ಬೇಸನಗರದ ಯಕ್ಷಿ. ಆದರೆ ನಕಲು ಹೊಡೆಯಲಿಲ್ಲ. ಅವರ ಯಕ್ಷನ ಒಂದು ಕೈಯಲ್ಲಿ ಹಣದ ಚೀಲ ಇದೆ, ಅದು ಸರಿ. ಇನ್ನೊಂದು ಕೈಯಲ್ಲಿ ಹಲ್ಲುಚಕ್ರ, ನಮ್ಮ ಅಕ್ಕಿ ಗಿರಣಿಯ ಯಂತ್ರದಲ್ಲಿ ತಿರುಗುತ್ತಲ್ಲ, ಅಂಥದ್ದು! ಯಕ್ಷ ಕೈಗಾರಿಕೆಗೆ, ಯಕ್ಷಿ ಬೇಸಾಯಕ್ಕೆ ಅಂತ ಲೆಕ್ಕ. ಡೊಳ್ಳು ಹೊಟ್ಟೆಯ ಹಳೇ ದೇವತೆಗೆ ಕಾರ್ಖಾನೆಯ ಚಕ್ರ ಹಿಡಿಸಿ, ಆಮೇಲೂ ಅದು ತಮಾಷೆಯಾಗಿ ಕಾಣದ ಹಾಗೆ ನಿಲ್ಲಿಸುವುದು ಸುಮ್ನೆ ಮಾತಲ್ಲ.

ಸಿಮೆಂಟಿನ ಮನುಷ್ಯ ಇಲ್ಲಿ ಕಲ್ಲಿಗೆ ಕೈ ಹಾಕಿದರು, ಪಾಡೂ ಪಟ್ಟರು. ಕಲ್ಲು ಸಿಕ್ಕಿದ್ದು ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ. ಅಲ್ಲಿ ಓಡುವುದು ಚಿಕ್ಕ ಹಳಿಯ ರೈಲು, ಇಡೀ ಬಂಡೆ ಅದರ ಮೇಲೆ ಬರುವುದುಂಟೇ? ತುಂಡು ತುಂಡು ಮಾಡಿ ತಂದು, ದೆಹಲಿಯಲ್ಲಿ ಜೋಡಿಸಿ ಕೆತ್ತಿದರು. 1950ರ ದಶಕದಲ್ಲಿ ಒಪ್ಪಿಕೊಂಡದ್ದು ಮುಗಿಯುವಷ್ಟರಲ್ಲಿ ಹತ್ತು ವರ್ಷದ ಮೇಲಾಗಿತ್ತು. ಬ್ಯಾಂಕಿನವರು ತಲೆ ಚಚ್ಚಿಕೊಂಡಿರಬೇಕು. ಹಣದ ವಿಷಯದಲ್ಲಿ ರಾಮ್‌ಕಿಂಕರ್ ಎಷ್ಟು ದಡ್ಡರು ಅಂದರೆ, ಅವರು ದೇಶದ ಬ್ಯಾಂಕಿಗೆ ಮೂರ್ತಿ ಮಾಡಿಕೊಟ್ಟದ್ದೇ ಒಂದು ವ್ಯಂಗ್ಯ.

ಪ್ರ: ಆ ಯಕ್ಷಿಯ ಮೂರ್ತಿ ಬೆತ್ತಲೆಯಾಗಿದೆಯಂತೆ. ಸಾರ್ವಜನಿಕ ಜಾಗದಲ್ಲಿ ಇದು ಸರಿಯೇ? (ಚನ್ನರಾಯಪಟ್ಟಣ)

ಉ: ಸ್ವಾಮಿ, ನಿಮ್ಮೂರಿನಿಂದ ಶ್ರವಣಬೆಳಗೊಳಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು? 58 ಅಡಿಯ ಗೊಮ್ಮಟನನ್ನು ಸಾವಿರ ವರ್ಷದಿಂದ ಕೈ ಮುಗಿದು ನೋಡುತ್ತಿರುವ ತಾಲ್ಲೂಕಿನವರು ಕೇಳುವ ಪ್ರಶ್ನೆಯಾ ಇದು? ಅದು ವೈರಾಗ್ಯ, ಇದು ಬೇರೆ ಅಂತ ನೀವು ಹೇಳಬಹುದು, ಒಪ್ಪುತ್ತೇನೆ. ಆದರೆ ಬೇಲೂರಿನ ಮದನಿಕೆಯರ ಮೈ ಮೇಲೆ ಬಟ್ಟೆ ಎಷ್ಟಿದೆ ಅಂತಲೂ ಒಮ್ಮೆ ನೋಡಿ ಬನ್ನಿ. ನಿಮ್ಮೊಬ್ಬರಿಗೇ ಹೀಗೆ ಅನ್ನಿಸಿದ್ದಲ್ಲ ಬಿಡಿ, ಈ ಯಕ್ಷಿಯ ಬಗ್ಗೆ ರಾಜ್ಯಸಭೆಯಲ್ಲೂ ಪ್ರಶ್ನೆ ಎದ್ದಿತ್ತು. ಯಕ್ಷಿ ಅಲ್ಲಿಂದ ಕದಲಲಿಲ್ಲ.

ಪ್ರ: ಅವರನ್ನು ಶಿಲ್ಪಿ ಅನ್ನಬೇಕೋ ಚಿತ್ರಕಾರ ಅನ್ನಬೇಕೋ? ನಮ್ಮ ಕಾಲೇಜಿನಲ್ಲಿ ಈ ಬಗ್ಗೆ ವಾದ ಆಯಿತು. (ಕಲಾ ವಿದ್ಯಾರ್ಥಿನಿ, ಚಿಕ್ಕಮಗಳೂರು)

ಉ: ಎರಡೂ ಅನ್ನಮ್ಮ. ಆದರೆ ಒಂದು ವಿಷಯ, ಚಿತ್ರಕಾರ ರಾಮ್‌ಕಿಂಕರ್‌ಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ, ಶಿಲ್ಪಗಳ ನೆರಳು ಅಷ್ಟು ದೊಡ್ಡದು.

ಅವರ ಗುರು ನಂದಲಾಲ್ ಬೋಸ್. ನಮ್ಮ ಕೆ. ವೆಂಕಟಪ್ಪನವರೂ ನಂದಲಾಲರೂ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಹತ್ತಿರ ಒಟ್ಟಿಗೆ ಕಲಿತವರು. ವೆಂಕಟಪ್ಪನವರೂ ಕುಂಚದ ಜೊತೆಗೆ ಪ್ಲಾಸ್ಟರಿನಲ್ಲಿ ಉಬ್ಬು ಶಿಲ್ಪ ಮಾಡಿದವರೇ, ನಿನ್ನ ವಾದಕ್ಕೆ ಬೇಕಾದರೆ ಈ ಹೆಸರನ್ನೂ ಸೇರಿಸಿಕೋ. ನಂದಲಾಲರ ಒಲವು ದೇಶೀ ಬಣ್ಣ, ದೇಶೀ ರೀತಿಯ ಕಡೆಗೆ. ಎಣ್ಣೆ ಬಣ್ಣ ಅವರಿಗೆ ಅಷ್ಟಾಗಿ ಸೇರುತ್ತಿರಲಿಲ್ಲ. ಶಿಷ್ಯ ಅದನ್ನೇ ಹಿಡಿದರು. ಗುರುಗಳು ಅಡ್ಡ ಬರಲಿಲ್ಲ, ಅದು ಗುರುಗಳ ದೊಡ್ಡತನ.

ಎಣ್ಣೆ ಬಣ್ಣದ ಚಿತ್ರಗಳಲ್ಲಿ 'ವಿನೋದಿನಿ' ಎಂಬ ಭಾವಚಿತ್ರ ಹುಡುಕಿ ನೋಡು. ಮಣಿಪುರದ ರಾಜಮನೆತನದ ಹುಡುಗಿ, ಶಾಂತಿನಿಕೇತನದಲ್ಲಿ ಅವರ ಶಿಷ್ಯೆ, ಮುಂದೆ ಮಣಿಪುರಿಯ ದೊಡ್ಡ ಲೇಖಕಿಯಾದವರು. ಇನ್ನು ಜಲವರ್ಣವಂತೂ ದಿನಚರಿಯ ಹಾಗೆ ಬರೆಯುತ್ತಾ ಹೋದರು, ಹೊಲ, ಕುಯ್ಲು, ಮಳೆ, ದನ. ಬರೆದದ್ದನ್ನು ಜೋಪಾನ ಮಾಡುವ ಜಾತಿಯೇ ಅಲ್ಲ. ಹುಲ್ಲಿನ ಸೂರು ಸೋರಿದರೆ ತಮ್ಮದೇ ಕ್ಯಾನ್ವಾಸ್ ತೆಗೆದು ಅಡ್ಡ ಕಟ್ಟುತ್ತಿದ್ದರಂತೆ, ಎಣ್ಣೆ ಬಣ್ಣದಲ್ಲಿ ನೀರು ಇಳಿಯುವುದಿಲ್ಲ ಅಂತ. ಇದನ್ನು ಕೇಳಿ ನಗು ಬರುತ್ತದೆ, ಆದರೆ ಎಷ್ಟು ಚಿತ್ರ ಹಾಗೆ ಹಾಳಾಯಿತೋ ಅಂತ ಹೊಟ್ಟೆಯೂ ಉರಿಯುತ್ತದೆ. ನೀನು ಹಾಗೆ ಮಾಡಬೇಡ. ಬರೆದ ಪ್ರತಿ ಚಿತ್ರದ ಹಿಂದೆ ತಾರೀಖು ಹಾಕಿ ಇಡು.

ಶಿಲ್ಪ ಮತ್ತು ಚಿತ್ರ ಅವರಲ್ಲಿ ಹೇಗೆ ಬೆರೆತಿತ್ತು ಅಂತ ತಿಳಿಯಲು 'ಗಿರಣಿಯ ಕರೆ' ನೋಡು, 1956ರದು. ಅಕ್ಕಿ ಗಿರಣಿಯ ಸೈರನ್ ಕೂಗಿದೆ. ಇಬ್ಬರು ಹೆಂಗಸರು ಓಡುತ್ತಿದ್ದಾರೆ, ಹಿಂದೆ ಒಬ್ಬ ಹುಡುಗ. ಒದ್ದೆ ಸೀರೆಯನ್ನು ಒಣಗಿಸಲೂ ಪುರುಸೊತ್ತಿಲ್ಲ, ಓಡುತ್ತಲೇ ಗಾಳಿಗೆ ಹಿಡಿದಿದ್ದಾರೆ, ಸೀರೆ ಹಿಂದಕ್ಕೆ ಉದ್ದಕ್ಕೆ ಹಾರುತ್ತಿದೆ. ಸಿಮೆಂಟು, ಜಲ್ಲಿ, ಕಂಬಿಯಲ್ಲಿ ಹಾರುವ ಬಟ್ಟೆ! ಕುಂಚ ಬೀಸಿದ ಕೈಗೆ ಮಾತ್ರ ಇಂಥ ಗೆರೆ ಬರುತ್ತದೆ. ಅವರ ಕೆಲಸದಲ್ಲಿ ಒಂದನ್ನೇ ಆರಿಸು ಅಂದರೆ ನನ್ನ ಓಟು ಇದಕ್ಕೆ, 'ಸಂತಾಲ್ ಕುಟುಂಬ'ಕ್ಕಲ್ಲ.

ಪ್ರ: ಅವರು ವಿಪರೀತ ಕುಡಿಯುತ್ತಿದ್ದರು, ಮದುವೆಯಾಗದೆ ಒಬ್ಬರ ಜೊತೆ ಇದ್ದರು ಅಂತೆಲ್ಲ ಓದಿದೆ. ಇಂಥವರನ್ನು ಮಕ್ಕಳಿಗೆ ಪರಿಚಯ ಮಾಡಿಸುವುದು ಹೇಗೆ? (ಅರಸೀಕೆರೆ)

ಉ: ಕುಡಿಯುತ್ತಿದ್ದದ್ದು ನಿಜ. ರಾಧಾರಾಣಿ ಎಂಬುವರು ಬಹಳ ಕಾಲ ಅವರ ಜೊತೆಗಿದ್ದದ್ದೂ ನಿಜ. ಬಾಯಿ ಬಿಟ್ಟರೆ ಜನ ಇದನ್ನೇ ಹೇಳುತ್ತಾರೆ, ಹರಕು ಬಟ್ಟೆ, ಬೀಡಿ, ಹೆಂಡ, ಹುಚ್ಚು ಕಲಾವಿದ. ಕೇಳಲು ಮಜವಾಗಿರುತ್ತದೆ, ಅದಕ್ಕೇ ಹೇಳುತ್ತಾರೆ. ಆದರೆ ಅದೇ ಮನುಷ್ಯ ದಶಕಗಟ್ಟಲೆ ಕಲಾಭವನದಲ್ಲಿ ಪಾಠ ಮಾಡಿದ್ದಾರೆ. ಶಂಖೋ ಚೌಧುರಿ ಅವರಂಥ ಶಿಲ್ಪಿ, ಕೆ.ಜಿ. ಸುಬ್ರಹ್ಮಣ್ಯನ್ ಅವರಂಥ ಚಿತ್ರಕಾರ ಅವರ ಕೈಕೆಳಗೆ ಕಲಿತಿದ್ದಾರೆ. ಬಿಸಿಲಿನಲ್ಲಿ ನಿಂತು ಆಳೆತ್ತರ ಮೀರಿದ ಶಿಲ್ಪಗಳನ್ನು ಒಂದರ ಹಿಂದೆ ಒಂದು ಕಟ್ಟಿದ್ದಾರೆ. ಬರೀ ಕುಡುಕನಿಂದ ಆಗುವ ಕೆಲಸವಲ್ಲ ಅದು. 1970ರಲ್ಲಿ ಪದ್ಮಭೂಷಣವನ್ನೂ ಕೊಟ್ಟರು. ಮಕ್ಕಳಿಗೆ ಶಿಲ್ಪ ತೋರಿಸಿ ಸಾರ್, ಉಳಿದದ್ದನ್ನು ಅವರು ದೊಡ್ಡವರಾದ ಮೇಲೆ ತಾವೇ ಓದಿಕೊಳ್ಳುತ್ತಾರೆ.

ಪ್ರ: ಇವರ ಕೆಲಸ ನೋಡಲು ಬಂಗಾಳಕ್ಕೇ ಹೋಗಬೇಕಾ? (ಹೊಳೆನರಸೀಪುರ)

ಉ: ಬಯಲು ಶಿಲ್ಪಗಳಿಗೆ ಹೋಗಲೇಬೇಕು. ಹೌರಾದಿಂದ ಬೋಲ್ಪುರಕ್ಕೆ ರೈಲು, ಅಲ್ಲಿಂದ ಶಾಂತಿನಿಕೇತನ ಪಕ್ಕದಲ್ಲೇ. ದೆಹಲಿಗೆ ಹೋದರೆ ಸಂಸದ್ ಮಾರ್ಗದಲ್ಲಿ ಯಕ್ಷ ಯಕ್ಷಿ ಬೀದಿಯಿಂದಲೇ ಕಾಣುತ್ತಾರೆ, ಅಲ್ಲಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಲ್ಲಿ ಅವರ ಕೃತಿಗಳ ದೊಡ್ಡ ಸಂಗ್ರಹವೇ ಇದೆ. ಅದೇ ಗ್ಯಾಲರಿಯ ಬೆಂಗಳೂರು ಶಾಖೆ ಅರಮನೆ ರಸ್ತೆಯಲ್ಲಿದೆ, ಹೋಗುವ ಮುಂಚೆ ಆಗ ಏನು ಪ್ರದರ್ಶನ ನಡೆಯುತ್ತಿದೆ ಅಂತ ವಿಚಾರಿಸಿ. ಚಿತ್ರ ನಿರ್ದೇಶಕ ಋತ್ವಿಕ್ ಘಟಕ್ 1975ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಹೊರಟರು, ಮುಗಿಸುವ ಮೊದಲೇ ತೀರಿಕೊಂಡರು. ಎಲ್ಲಾದರೂ ಸಿಕ್ಕರೆ ಅದನ್ನೂ ಬಿಡಬೇಡಿ, ಮಾತಾಡುತ್ತಾ ನಗುವ ರಾಮ್‌ಕಿಂಕರ್ ಅಲ್ಲಿದ್ದಾರೆ.

ಪ್ರ: ನಾನು ಗಾರೆ ಕೆಲಸದವನು. ನೀವು ಹಾಕಿದ ಫೋಟೋ ನೋಡಿ ಆಸೆಯಾಗಿದೆ. ನಮ್ಮೂರ ಶಾಲೆ ಮುಂದೆ ಕಾಫಿ ಹಣ್ಣು ಕುಯ್ಯುವ ಹೆಂಗಸಿನ ಮೂರ್ತಿ ಮಾಡೋಣ ಅಂತ. ನಮ್ಮ ಕಡೆ ಮಳೆಗೆ ಸಿಮೆಂಟು ನಿಲ್ಲುತ್ತಾ? (ಸಕಲೇಶಪುರ ತಾಲ್ಲೂಕು)

ಉ: ಬಂದ ಪತ್ರಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ನಿಮ್ಮದು ಅಣ್ಣಾ. ಖಂಡಿತ ಮಾಡಿ.

ಮಳೆಯಿಂದ ಸಿಮೆಂಟು ಸುಲಭಕ್ಕೆ ಕೆಡುವುದಿಲ್ಲ, ಒಳಗಿನ ಕಂಬಿ ಕೆಡುತ್ತದೆ. ಸಣ್ಣ ಬಿರುಕಿನಲ್ಲಿ ನೀರು ಇಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಊದಿಕೊಂಡು ಹೊರಗಿನ ಗಾರೆಯನ್ನು ಒಡೆದು ಎಬ್ಬಿಸುತ್ತದೆ. ಮನೆ ಸಜ್ಜದಲ್ಲಿ ನೀವು ದಿನಾ ನೋಡುವುದೇ. ಹಾಗಾಗಿ ಕಂಬಿ ಕಟ್ಟುವ ಮೊದಲು ತುಕ್ಕು ಪೂರ್ತಿ ಉಜ್ಜಿ ತೆಗೆಯಿರಿ. ಕಂಬಿಯ ಮೇಲೆ ಎಲ್ಲಾ ಕಡೆ ಒಂದೂವರೆ ಇಂಚಾದರೂ ಗಾರೆ ಇರಲಿ, ಬೆರಳು ಮೂಗಿನ ಹತ್ತಿರ ಮೋಸ ಮಾಡಬೇಡಿ. ನೀರು ಜಾಸ್ತಿ ಹಾಕಿ ತೆಳ್ಳಗೆ ಕಲಸಬೇಡಿ, ಕೆಲಸ ಸಲೀಸಾಗುತ್ತದೆ, ಆದರೆ ಬಿರುಕು ಬಿಡುತ್ತದೆ. ಮಾಡುವುದಾದರೆ ಮಳೆಗಾಲ ಕಳೆದ ಮೇಲೆ ಶುರು ಮಾಡಿ, ಗೋಣಿಚೀಲ ಹೊದಿಸಿ ದಿನಾ ನೀರುಣಿಸಿ. ಮಡಿಲು, ಮೊಣಕೈ, ಪಾದ, ಎಲ್ಲೂ ನೀರು ನಿಲ್ಲುವ ಗುಂಡಿ ಉಳಿಯದ ಹಾಗೆ ಇಳಿಜಾರು ಕೊಡಿ. ನಿಂತ ನೀರಿಗೆ ಪಾಚಿ ಕಟ್ಟುತ್ತದೆ, ಬಿರುಕು ಅಲ್ಲಿಂದಲೇ ಶುರು.

ಮೇಲೆ ಬಿಳಿ ಸಿಮೆಂಟು ಬಳಿದು, ಆಯಿಲ್ ಪೇಂಟ್ ಹೊಡೆದು, ಕೆಂಪು ತುಟಿ ಬರೆಯಿರಿ ಅಂತ ಊರಿನವರು ಹೇಳೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ನಿಮ್ಮೂರಿನ ಕೆಂಪು ಜಲ್ಲಿ ಸೇರಿಸಿ, ಅದು ಹಾಗೇ ಕಾಣಲಿ.

ಕಾಫಿ ಗಿಡವನ್ನು ಮಾತ್ರ ಸಿಮೆಂಟಿನಲ್ಲಿ ಮಾಡಲು ಹೋಗಬೇಡಿ. ಕಡ್ಡಿ ತೆಳ್ಳಗೆ, ಎಲೆ ತೆಳ್ಳಗೆ, ಎರಡು ಮಳೆಗಾಲಕ್ಕೆ ಕಂಬಿ ಹೊರಗೆ ಇಣುಕುತ್ತದೆ. ರಾಮ್‌ಕಿಂಕರ್ 1935ರಲ್ಲಿ 'ಸುಜಾತಾ' ಎಂಬ ಹೆಣ್ಣಿನ ಶಿಲ್ಪ ಮಾಡಿದಾಗ ನೀಲಗಿರಿ ಮರಗಳ ನಡುವೆ, ಆ ಮರಗಳಷ್ಟೇ ಸಪೂರಾಗಿ ನೆಟ್ಟಗೆ ನಿಲ್ಲಿಸಿದ್ದರು, ಮರ ಮಾಡುವ ಗೋಜಿಗೆ ಹೋಗಲಿಲ್ಲ. ನೀವೂ ಹೆಂಗಸಿನ ಕೈ ಎಟುಕುವಲ್ಲಿ ನಿಜವಾದ ಗಿಡವನ್ನೇ ನೆಡಿ. ಶಾಲೆ ಮುಂದೆ ಬಿಸಿಲು ಜಾಸ್ತಿ ಇದ್ದರೆ ಅರೇಬಿಕಾ ಬೇಡ, ರೋಬಸ್ಟಾ ಹಾಕಿ.